ಮಷೀನುಗಳ ಸಂತೆಗೆ ಮಾಣಿಕ ಮೊದಲು ಹೋದ

ನನ್ನ ಹೊಟ್ಟೆಯಲ್ಲಿ ಮೊದಲ ಸಲ ಕಿಚ್ಚು ಹೊತ್ತಿದ್ದು ಒಂದು ಪ್ಲಾಸ್ಟಿಕ್ ಚೀಲ ನೋಡಿ. ನೀಲಿ ಚೀಲ, ಅದರ ಮೇಲೆ ಹಲ್ಲಿನ ಚಕ್ರದ ಚಿತ್ರ, ಹಿಡಿಯಲು ಬಿಳಿ ಹಗ್ಗ. ಅದನ್ನು ಹೆಗಲಿಗೆ ಹಾಕಿಕೊಂಡು ಮಾಣಿಕ ಹುಮನಾಬಾದಿನ ನಮ್ಮ ಬೇಳೆ ಮಿಲ್ಲಿನ ಗೇಟಿನೊಳಗೆ ಬಂದ. ಬಂದವನು ನೇರ ಕೆಲಸಕ್ಕೆ ಹೋಗಲಿಲ್ಲ. ತೂಕದ ಕಟ್ಟೆಯ ಮೇಲೆ ಚೀಲ ಇಟ್ಟು, ಅದರೊಳಗಿಂದ ಒಂದೊಂದೇ ಸಾಮಾನು ತೆಗೆದ. ಮಿರಿಮಿರಿ ಮಿಂಚುವ ಪುಸ್ತಕಗಳು, ಪೆನ್ನುಗಳು, ಕೀಲಿಕೈ ಗೊಂಚಲು, ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆ. ಬಿಲ್ಲೆಯ ಮೇಲೆ ಅವನ ಹೆಸರು ಇಂಗ್ಲಿಷಿನಲ್ಲಿ ಟೈಪಾಗಿತ್ತು. ಹಮಾಲರು, ಬೇಳೆ ಆರಿಸುವ ಹೆಂಗಸರು, ಗುಮಾಸ್ತರು, ಎಲ್ಲರೂ ಮುತ್ತಿಕೊಂಡರು. ನಾನು ದೂರದಲ್ಲಿ ಮೋಟಾರಿನ ಮುಚ್ಚಳ ಬಿಚ್ಚುತ್ತ ಕುಳಿತಿದ್ದೆ. ಆ ಮೋಟಾರಿಗೆ ಏನೂ ಆಗಿರಲಿಲ್ಲ.

ಈಗ ಕಾರ್ಖಾನೆಗಳಿಗೆ ಸೇರುವ ಹುಡುಗ ಹುಡುಗಿಯರನ್ನು ಮೇಲಿನವರು ಯಂತ್ರಗಳ ಪ್ರದರ್ಶನಗಳಿಗೆ ಕಳಿಸುತ್ತಾರೆ. ಅಂಥಲ್ಲಿ ಹೋಗಿ ಏನು ನೋಡಬೇಕು, ಏನು ಕೇಳಬೇಕು ಎಂದು ನನ್ನನ್ನು ಕೆಲವರು ವಿಚಾರಿಸಿದ್ದುಂಟು. ನಾನು ಕಲಿತದ್ದೆಲ್ಲ ಮಾಣಿಕನ ಮೇಲಿನ ಹೊಟ್ಟೆಕಿಚ್ಚಿನಿಂದ. ಅದನ್ನು ಬಿಟ್ಟು ಹೇಳಲು ಹೋದರೆ ಹೇಳಲು ಏನೂ ಉಳಿಯುವುದಿಲ್ಲ.

ನಾನು ಗುರುಪಾದಪ್ಪ, ಬಸವಕಲ್ಯಾಣದವನು, ಕೋಟೆಯ ಕೆಳಗಿನ ಓಣಿಯವನು. ನಮ್ಮ ಅಣ್ಣಂದಿರು ನಿಜಾಮನ ಕಾಲದಲ್ಲಿ ಉರ್ದು ಓದಿದರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ನಾನು ಕನ್ನಡ ಶಾಲೆಯಲ್ಲಿದ್ದೆ. ಹೀಗಾಗಿ ಮನೆಗೆ ಬಂದ ಕಾಗದವನ್ನು ಓದುವವರು ಒಬ್ಬರಾದರೆ ಉತ್ತರ ಬರೆಯುವವರು ಇನ್ನೊಬ್ಬರು. ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಎಣ್ಣೆ ಎಂಜಿನ್ ತೆಗೆದು ಕರೆಂಟಿನ ಮೋಟಾರು ಕೂಡಿಸಿದಾಗ ನಾನು ವೈರು ಹಿಡಿಯುವುದನ್ನು ಕಲಿತೆ. ಅದೇ ವಿದ್ಯೆಯ ಮೇಲೆ ಹುಮನಾಬಾದಿನ ಬೇಳೆ ಮಿಲ್ಲಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದೆ.

ಮಾಣಿಕ ಮುಡಬಿಯವನು. ನನ್ನ ನಂತರ ಸೇರಿದವನು, ಮಷೀನು ಫಿಟ್ಟರ್. ಕೆಲಸ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವನ ಅಸಲಿ ವಿದ್ಯೆ ಮಾತು. ಕನ್ನಡ, ಮರಾಠಿ, ದಖನಿ ಮೂರರಲ್ಲೂ ಜನರನ್ನು ನಗಿಸುತ್ತಿದ್ದ. ಅಪರಿಚಿತ ಲಾರಿ ಡ್ರೈವರನೊಬ್ಬ ಗೇಟಿನಲ್ಲಿ ನಿಂತರೆ ಚಹಾ ಮುಗಿಯುವುದರೊಳಗೆ ಅವನ ಮಗಳಿಗೆ ಯಾವ ಊರಿನ ಗಂಡು ಗೊತ್ತಾಗಿದೆ ಎಂಬುದು ಮಾಣಿಕನಿಗೆ ತಿಳಿದಿರುತ್ತಿತ್ತು. ನನಗೆ ಇದು ಹುಡುಗಾಟವಾಗಿ ಕಾಣುತ್ತಿತ್ತು.

ಎಂಬತ್ತರ ದಶಕ ಶುರುವಾಗುವಾಗ ನಮ್ಮ ಮಿಲ್ಲಿಗೆ ಬಿಸಿಗಾಳಿಯ ಡ್ರೈಯರ್ ಬಂದಿತ್ತು. ಮೊದಲು ಎಣ್ಣೆ ಸವರಿದ ತೊಗರಿಯನ್ನು ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸುತ್ತಿದ್ದೆವು. ಹೆಂಗಸರು ಕಾಲಿನಿಂದ ಸಾಲು ಎಳೆದು ಕಾಳು ಮಗುಚುತ್ತಿದ್ದರು. ಮೋಡ ಕವಿದರೆ ಮಿಲ್ಲೇ ನಿಲ್ಲುತ್ತಿತ್ತು. ಡ್ರೈಯರ್ ಬಂದ ಮೇಲೆ ಮೋಡದ ಅಂಜಿಕೆ ಹೋಯಿತು, ಬೆಂಕಿಯ ಅಂಜಿಕೆ ಬಂತು. ಒಲೆಯ ಗಾಳಿ ಹೆಚ್ಚು ಕಾದರೆ ತೊಗರಿಯ ಹೊಟ್ಟು ಹೊತ್ತಿಕೊಳ್ಳುತ್ತದೆ. ಒಬ್ಬನು ಉಷ್ಣತೆಯ ಮುಳ್ಳು ನೋಡುತ್ತ ನಿಲ್ಲಬೇಕು, ಮುಳ್ಳು ಏರಿದರೆ ಓಡಿಹೋಗಿ ಗಾಳಿಯ ಬಾಗಿಲು ಮುಚ್ಚಬೇಕು. ಹುಡಗಿ ಎಂಬ ಊರಿನ ಶಂಕ್ರೆಪ್ಪ ಆ ಕೆಲಸದ ಮೇಲಿದ್ದ.

ಈ ಕೆಲಸವನ್ನು ತಾನೇ ಮಾಡುವ ಯಂತ್ರಗಳಿವೆ, ಅವುಗಳ ದೊಡ್ಡ ಪ್ರದರ್ಶನ ಮುಂಬಯಿಯಲ್ಲಿ ನಡೆಯುತ್ತದೆ ಎಂದು ನಮ್ಮ ಸೇಠರಿಗೆ ಯಾರೋ ಹೇಳಿದರು. ಆಟೊಮೇಷನ್ ಎಂಬ ಶಬ್ದ ನಾವು ಕೇಳಿದ್ದು ಆಗಲೇ. ಒಬ್ಬನನ್ನು ಕಳಿಸುವುದೆಂದು ಸೇಠರು ನಿಶ್ಚಯಿಸಿದರು. ಕರೆಂಟಿನ ಯಂತ್ರವಾದ್ದರಿಂದ ನನ್ನನ್ನೇ ಕಳಿಸುತ್ತಾರೆಂದು ನಾನು ಹೊಸ ಚಪ್ಪಲಿ ಕೊಂಡೆ. ಅವರು ಮಾಣಿಕನನ್ನು ಕರೆದರು.

"ಗುರುಪಾದಪ್ಪ ಬಾಯಿ ಬಿಡೂದರಾಗ ಎಕ್ಸಿಬಿಷನ್ನೇ ಮುಗದು ಹೋಗ್ತದ," ಎಂದು ಸೇಠರು ನಕ್ಕರಂತೆ. ಹೇಳಿದವನು ಗುಮಾಸ್ತ. ಅವನಿಗೂ ಅದನ್ನು ಹೇಳುವಾಗ ಖುಷಿಯಿತ್ತು.

ಹೀಗೆ ಹೋದ ಮಾಣಿಕ ಆ ನೀಲಿ ಚೀಲದೊಂದಿಗೆ ಬಂದ. ಆಮೇಲೆ ಎಷ್ಟೋ ದಿನ ಚಹಾದ ಹೊತ್ತಿಗೆ ಮಿಲ್ಲಿನಲ್ಲಿ ಅವನದೇ ದರ್ಬಾರು.

"ಕೈ ಮುಂದ ಹಿಡದರ ಸಾಕು, ಮಷೀನ್ ನಿಂತು ಬಿಡ್ತದ. ಕಣ್ಣು ಅದ ಅದಕ್ಕ, ಕಣ್ಣು!" ಎನ್ನುತ್ತಿದ್ದ. ದುಬಲಗುಂಡಿಯಿಂದ ಕೆಲಸಕ್ಕೆ ಬರುತ್ತಿದ್ದ ಮುದುಕಿಯೊಬ್ಬಳು, "ಕಣ್ಣಿದ್ದ ಮ್ಯಾಲ ನಮ್ಮಂಗ ನಿದ್ದೀನೂ ಬರ್ತದೇನೋ ಅದಕ್ಕ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮಾಣಿಕನ ಕೂಟದಲ್ಲಿ ಹುಟ್ಟಿದ ನಗೆಗೆ ನಾನ್ಯಾಕೆ ಪಾಲುದಾರನಾಗಲಿ?

ಮಾಣಿಕನ ಮಾತಿನ ಮೇಲೆ ಸೇಠರು ಒಂದು ಯಂತ್ರ ತರಿಸಿದರು. ಡ್ರೈಯರಿನ ಶಾಖ ಅಳೆದು, ಮೀರಿದರೆ ಒಲೆಯನ್ನು ತಾನೇ ಆರಿಸುವ ಪೆಟ್ಟಿಗೆ. ಮುಖದ ಮೇಲೆ ಕೆಂಪು ಅಂಕಿಗಳು ಕುಣಿಯುತ್ತಿದ್ದವು. ಅದರ ವೈರು ಕೂಡಿಸಿದ್ದು ನಾನು. ಆದರೂ ಜನ ಅದನ್ನು ಮಾಣಿಕನ ಮಷೀನು ಎಂದೇ ಕರೆದರು. ಮೊದಮೊದಲು ಅದು ಸೊಗಸಾಗಿ ನಡೆಯಿತು. ನಾನು ದಿನಾ ಬೆಳಿಗ್ಗೆ ಅದರ ಮುಂದೆ ಒಂದು ಗಳಿಗೆ ನಿಂತು, ಅದು ಕೆಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಅದು ಕೆಟ್ಟಿತು. ನಮ್ಮ ಹುಮನಾಬಾದಿನ ಕರೆಂಟು ಆಗ ಸಂಜೆಯಾದರೆ ದೀಪದ ತಂತಿ ಕೆಂಪಾಗುವಷ್ಟೇ ಬರುತ್ತಿತ್ತು, ಮರುಕ್ಷಣ ಬಲ್ಬು ಸಿಡಿಯುವಷ್ಟು ಏರುತ್ತಿತ್ತು. ಅದರ ಮೇಲೆ ತೊಗರಿಯ ಧೂಳು. ಪೆಟ್ಟಿಗೆಯ ಗಾಳಿತೂತುಗಳಿಂದ ಧೂಳು ಒಳಗೆ ಹೋಗಿ ಕಂಬಳಿಯಂತೆ ಕೂತಿತ್ತು. ಒಳಗಿನ ಭಾಗ ಸುಟ್ಟು ಕೆಂಪು ಅಂಕಿ ಒಂದೇ ಕಡೆ ನಿಂತುಬಿಟ್ಟಿತು, ಡ್ರೈಯರಿನಲ್ಲಿ ಬೇಳೆ ಕರಕಾಯಿತು. ಸೇಠರು ಎಲ್ಲರೆದುರಿಗೆ, "ಏ ಮಾಣಿಕ, ಮುಂಬೈದಿಂದ ನೀ ಗೊಂಬಿ ತಂದೀಯೋ ಮಷೀನ್ ತಂದೀಯೋ?" ಎಂದರು.

ಆ ದಿನ ನಾನು ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋದೆ. ಹೆಂಡತಿ ನೀಲಮ್ಮ ಪೊಟ್ಟಣ ಬಿಚ್ಚಿ, "ಇವತ್ತ ಏನದ?" ಎಂದಳು. ಹೇಳಿದೆ.

"ಅವನ ಮಷೀನ್ ಸುಟ್ಟರ ನಿಮಗ್ಯಾಕ್ರಿ ಹಬ್ಬ? ಕರಕಾದ ಬ್ಯಾಳಿ ನಿಮ್ಮ ಮಿಲ್ಲಿಂದಲ್ಲೇನು?" ಎಂದಳು. ಆದರೂ ಜಿಲೇಬಿ ತಿಂದಳು.

ಪೆಟ್ಟಿಗೆಯನ್ನು ಬಿಚ್ಚಿಟ್ಟು ಮತ್ತೆ ಶಂಕ್ರೆಪ್ಪನನ್ನೇ ಮುಳ್ಳಿನ ಮುಂದೆ ನಿಲ್ಲಿಸಿದರು. ಕೆಲವು ವಾರ ಹಾಗೆ ನಡೆಯಿತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಡ್ರೈಯರಿನಿಂದ ದಟ್ಟ ಹೊಗೆ ಎದ್ದಿತು. ಶಂಕ್ರೆಪ್ಪ ಬುತ್ತಿ ಬಿಟ್ಟು ಓಡಿ, ಗಾಳಿಯ ಬಾಗಿಲು ಎಳೆದ. ಬಾಗಿಲು ಕಾದು ಕೆಂಡವಾಗಿತ್ತು. ಅವನು ಕೈ ಬಿಡಲಿಲ್ಲ. ಪೂರಾ ಮುಚ್ಚಿದ ಮೇಲೆಯೇ ಬಿಟ್ಟದ್ದು. ಮಿಲ್ಲು ಉಳಿಯಿತು, ಅವನ ಎರಡೂ ಅಂಗೈಗಳ ಚರ್ಮ ಆ ಬಾಗಿಲಿಗೇ ಅಂಟಿತ್ತು. ಮಾಣಿಕ ಅವನನ್ನು ಟ್ರಕ್ಕಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಒಯ್ದ. ನಾನು ಹಿಂದೆ ಕುಳಿತಿದ್ದೆ. ನಾನು ಕೆಡಲಿ ಎಂದು ಬೇಡಿಕೊಂಡ ಪೆಟ್ಟಿಗೆ ಕೆಡದೆ ಇದ್ದಿದ್ದರೆ ಈ ಕೈ ಸುಡುತ್ತಿರಲಿಲ್ಲವಲ್ಲ ಎಂಬ ಯೋಚನೆ ಬಂತು. ನನ್ನ ಬೇಡಿಕೆಯಿಂದ ಪೆಟ್ಟಿಗೆ ಕೆಟ್ಟಿರಲಿಲ್ಲ, ಧೂಳಿನಿಂದ ಕೆಟ್ಟಿತ್ತು. ಅಷ್ಟು ಬುದ್ಧಿ ನನಗಿತ್ತು. ಆದರೂ ಆ ಜಿಲೇಬಿಯ ನೆನಪಾಗಿ ಬಾಯಿ ಕಹಿಯಾಯಿತು.

ಸೇಠರು ನಮ್ಮಿಬ್ಬರನ್ನೂ ಕರೆದರು. "ಇನ್ನೊಮ್ಮೆ ಬೆಂಕಿ ಹತ್ತಿದರ ಮಿಲ್ಲಿಗೆ ಕೀಲಿ ಹಾಕ್ತೀನಿ, ಖರೇನೇ ಹೇಳಾಕತ್ತೇನಿ. ಈ ಸಲ ಇಬ್ಬರೂ ಹೋಗ್ರಿ. ಮಾಣಿಕ, ನೀ ಮಾತಾಡು. ಗುರುಪಾದಪ್ಪ, ನೀ ನೋಡು."

ಅಂತೂ ನನ್ನ ಪಾಲಿಗೆ ಕಣ್ಣು, ಅವನ ಪಾಲಿಗೆ ನಾಲಿಗೆ. ಮುಂಬಯಿ ಸಿಕ್ಕ ಸಂತೋಷವನ್ನು ಆ ಮಾತು ಅರ್ಧ ತಿಂದಿತು.

ಹೊರಡುವ ಮುಂಚೆ ನಾನೊಂದು ಕೆಲಸ ಮಾಡಿದೆ. ಹಲ್ಲುಪುಡಿಯ ಖಾಲಿ ಡಬ್ಬಿಯೊಂದನ್ನು ತೊಳೆದು, ಡ್ರೈಯರಿನ ಪಕ್ಕದ ಗೋಡೆಯಿಂದ ತೊಗರಿಯ ಧೂಳು ಗೋರಿ ತುಂಬಿದೆ. ಮಾಣಿಕ ನೋಡಿ, "ಅಲ್ಲೇನ್ ದೇವರ ಅಂಗಾರ ಹಂಚಾಂವ ಇದ್ದಿಯೇನು?" ಎಂದ. ನಾನು ಮುಚ್ಚಳ ಬಿಗಿದು ಡಬ್ಬಿಯನ್ನು ಚೀಲದೊಳಗಿಟ್ಟೆ. ಸೊಲ್ಲಾಪುರದ ತನಕ ಬಸ್ಸು, ಅಲ್ಲಿಂದ ರೈಲು. ರೈಲಿನಲ್ಲಿ ನನಗೆ ಕಿಟಕಿಯ ಜಾಗ ಸಿಕ್ಕಿತು, ಮಾಣಿಕನಿಗೆ ಇಡೀ ಬೋಗಿಯ ಜನ ಸಿಕ್ಕರು.

ಪ್ರದರ್ಶನದ ಮಂಟಪ ನಮ್ಮ ಮಿಲ್ಲಿನಂಥ ಹತ್ತಾರು ಮಿಲ್ಲುಗಳನ್ನು ಒಳಗಿಟ್ಟುಕೊಳ್ಳುವಷ್ಟಿತ್ತು. ಕಾಲ ಕೆಳಗೆ ಗಾಲಿಚೆ, ಮೇಲೆ ತಣ್ಣನೆಯ ಗಾಳಿ. ಯಂತ್ರಗಳಿಗೆ ಮದುವಣಗಿತ್ತಿಯರ ಹಾಗೆ ಹೂ ಮುಡಿಸಿದ್ದರು. ಅಲ್ಲಿ ನನಗೆ ಹೊಳೆದ ಮೊದಲ ಮಾತು ಇದು: ಇಲ್ಲಿ ಯಾವ ಮಷೀನೂ ಕೆಡುವುದಿಲ್ಲ, ಯಾಕೆಂದರೆ ಇಲ್ಲಿ ಯಾವ ಮಷೀನೂ ಕೆಲಸ ಮಾಡುತ್ತಿಲ್ಲ. ಆದರೆ ಈ ವಿಚಾರವನ್ನು ಸವಿಯಲು ಮಾಣಿಕ ಬಿಡಬೇಕಲ್ಲ? ಬಾಗಿಲಲ್ಲೇ ಟೈ ಕಟ್ಟಿದವನೊಬ್ಬ, "ಅರೆ ಮಾಣಿಕ್‌ರಾವ್, ಆಯಿಯೇ!" ಎಂದು ಕೈ ಕುಲುಕಿದ. ಹಿಂದಿನ ಸಲದ ಗುರುತು! ಅವನ ಕಂಪನಿಯದೇ ಆ ಸುಟ್ಟ ಪೆಟ್ಟಿಗೆ. ಜಗಳವಾಡಬೇಕಾದವನೊಂದಿಗೆ ಮಾಣಿಕ ನಗುನಗುತ್ತ ಚಹಾಕ್ಕೆ ಹೋಗಿಬಿಟ್ಟ. ಹೋಗುವಾಗ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದ. ನನಗೆ ಮೈಯೆಲ್ಲ ಉರಿಯಿತು.

ನಾನು ಒಬ್ಬನೇ ಅಂಗಡಿ ಅಂಗಡಿಗೆ ಹೋದೆ. ಮಾತು ಬಾರದವನು ನಾನು, ಆದ್ದರಿಂದ ಡಬ್ಬಿ ತೆರೆದು ಮುಂದೆ ಹಿಡಿದೆ. ನನ್ನ ಹರಕು ಹಿಂದಿಯಲ್ಲಿ ಒಂದೇ ಮಾತು ಕೇಳುತ್ತಿದ್ದೆ: ಇದನ್ನು ನಿಮ್ಮ ಪೆಟ್ಟಿಗೆಯ ಮೇಲೆ ಸುರಿದು ನಡೆಸಿ ತೋರಿಸಿ. ಒಬ್ಬ ಮೇಜಿನ ಬಟ್ಟೆ ಹಿಂದಕ್ಕೆಳೆದುಕೊಂಡ. ಇನ್ನೊಬ್ಬ ಮೂಗಿಗೆ ಕರವಸ್ತ್ರ ಹಿಡಿದ. ಮತ್ತೊಬ್ಬ ಪುಸ್ತಕ ಕೊಟ್ಟು, ಎಲ್ಲ ಇದರಲ್ಲಿದೆ ಎಂದ. ನಾನು ಪುಸ್ತಕ ತೆಗೆದುಕೊಳ್ಳಲಿಲ್ಲ.

ಮಂಟಪದ ಮೂಲೆಯಲ್ಲಿ, ಕಕ್ಕಸಿಗೆ ಹೋಗುವ ದಾರಿಯ ಪಕ್ಕ, ಪುಣೆಯ ಸಣ್ಣ ವರ್ಕ್‌ಶಾಪೊಂದರ ಅಂಗಡಿ ಇತ್ತು. ಹೂವಿಲ್ಲ, ಗಾಲಿಚೆಯಿಲ್ಲ. ನರೆತ ತಲೆಯ ಮಾಲೀಕ ನನ್ನ ಡಬ್ಬಿಯೊಳಗೆ ಬೆರಳದ್ದಿ, ಧೂಳನ್ನು ಉಜ್ಜಿ ಮೂಸಿದ. ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡು ತನ್ನ ಪೆಟ್ಟಿಗೆಯ ಮೇಲೆ ಸಗಣಿ ಸಾರಿಸಿದ ಹಾಗೆ ಬಳಿದ. ಪೆಟ್ಟಿಗೆ ನಡೆಯುತ್ತಲೇ ಇತ್ತು. ಗಟ್ಟಿ ಕಬ್ಬಿಣದ ಡಬ್ಬ, ಒಂದು ತೂತೂ ಇಲ್ಲ. "ನೋಡಲು ಚೆಂದವಿಲ್ಲ, ಅದಕ್ಕೇ ಇಲ್ಲಿ ಯಾರೂ ನಿಲ್ಲುವುದಿಲ್ಲ," ಎಂದು ಮರಾಠಿಯಲ್ಲಿ ಹೇಳಿದ. ನಮ್ಮ ಹುಮನಾಬಾದಿನಲ್ಲಿ ಇದು ಕೆಟ್ಟರೆ ಯಾರು ಬರುತ್ತಾರೆ ಎಂದು ಕೇಳಿದೆ. "ನಾನೇ. ಪುಣೆಯಿಂದ ಹೈದರಾಬಾದಿಗೆ ಹೋಗುವ ಬಸ್ಸು ನಿಮ್ಮೂರಲ್ಲಿ ನಿಲ್ಲುತ್ತದಲ್ಲ?" ಎಂದ. ನಿಮ್ಮನ್ನು ಯಾರಾದರೂ ಪ್ರದರ್ಶನಕ್ಕೆ ಕಳಿಸಿದರೆ ಈ ಪ್ರಶ್ನೆ ಮರೆಯಬೇಡಿ. ಕೆಟ್ಟರೆ ಯಾರು ಬರುತ್ತಾರೆ, ಯಾವ ಬಸ್ಸಿಗೆ ಬರುತ್ತಾರೆ. ಬಸ್ಸಿನ ಹೆಸರು ಹೇಳಿದವನನ್ನು ನಂಬಬಹುದು.

ನನ್ನ ಎದೆ ಉಬ್ಬಿತು. ಹುಡುಕಿದವನು ನಾನು! ಮಾಣಿಕನಿಗೆ ತೋರಿಸಿ ಅವನ ಮುಖ ಸಪ್ಪಗಾಗುವುದನ್ನು ನೋಡಬೇಕೆಂದು ಓಡಿದೆ. ಅವನು ಹೊರಗೆ ಚಹಾದ ಗಾಡಿಯ ಹತ್ತಿರ, ತಲೆಗೆ ಟೋಪಿಯಿದ್ದ ಹಳ್ಳಿಗನೊಬ್ಬನ ಜೊತೆ ಬೆಂಚಿನ ಮೇಲೆ ಕಾಲು ಮಡಚಿಕೊಂಡು ಕೂತಿದ್ದ. ನಾನು ಕಬ್ಬಿಣದ ಪೆಟ್ಟಿಗೆಯ ಸುದ್ದಿ ಹೇಳಿದೆ.

"ಗೊತ್ತದ," ಎಂದ ಮಾಣಿಕ. "ಇವರು ಲಾತೂರಿನ ಬ್ಯಾಳಿ ಮಿಲ್ಲಿನ ಮೇಸ್ತ್ರಿ. ಇವರ ಕಡೆ ಅದೇ ಡಬ್ಬಿ ಅದ. ಛಲೋ ಅದ ಅಂತ. ಆದರ ತೂತಿಲ್ಲಲ್ಲ, ಬ್ಯಾಸಿಗ್ಯಾಗ ಡ್ರೈಯರ್ ಬಾಜೂಕ ಇಟ್ಟರ ಒಳಗಿಂದ ಒಳಗೇ ಬೆಂದು ಹೋಗ್ತದಂತ. ಹೊರಗಿನ ಗ್ವಾಡಿಗಿ ಹಾಕಿ, ಉದ್ದನ್ನ ವೈರ್ ಎಳದಾರ ಇವರು."

ನಾನೂ ಬೆಂಚಿನ ತುದಿಗೆ ಕೂತೆ. ಈ ಮಾತು ಪುಣೆಯ ಮುದುಕನೂ ಹೇಳಿರಲಿಲ್ಲ, ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನೊಬ್ಬನೇ ಬಂದಿದ್ದರೆ ಆ ಪೆಟ್ಟಿಗೆಯನ್ನು ಡ್ರೈಯರಿನ ಮಗ್ಗುಲಿಗೇ ಕೂಡಿಸುತ್ತಿದ್ದೆ, ಏಪ್ರಿಲಿನಲ್ಲಿ ಅದೂ ಸುಡುತ್ತಿತ್ತು. ಮಾರುವವರು ಮಂಟಪದೊಳಗೆ ನಿಂತಿರುತ್ತಾರೆ, ಕೊಂಡು ಅನುಭವಿಸಿದವರು ಹೊರಗೆ ಚಹಾ ಕುಡಿಯುತ್ತಿರುತ್ತಾರೆ. ಇದನ್ನು ಮಾಣಿಕ ಯಾರೂ ಹೇಳದೆ ತಿಳಿದಿದ್ದ. ಟೈ ಕಟ್ಟಿದವನ ಜೊತೆ ಚಹಾ ಕುಡಿದದ್ದೂ ಸುಮ್ಮನೆ ಅಲ್ಲ. ಆ ಕೆಟ್ಟ ಪೆಟ್ಟಿಗೆಯನ್ನು ಮರಳಿ ತೆಗೆದುಕೊಳ್ಳಲು ಅವನನ್ನು ಒಪ್ಪಿಸಿಬಿಟ್ಟಿದ್ದ. ಅವನ ನಾಲಿಗೆ ನೋಡಿ ಪಟ್ಟ ಹೊಟ್ಟೆಕಿಚ್ಚು ಸಣ್ಣದು. ಅದು ಬರೀ ನಾಲಿಗೆಯಲ್ಲ, ಕಿವಿ ಎಂದು ತಿಳಿದಾಗ ಬಂದ ಕಿಚ್ಚು ದೊಡ್ಡದು.

ವಾಪಸ್ಸು ಬರುವಾಗ ಸೊಲ್ಲಾಪುರದಿಂದ ಸುತ್ತು ಹಾಕಿ ಲಾತೂರಿಗೆ ಹೋದೆವು. ಮೇಸ್ತ್ರಿ ತನ್ನ ಮಿಲ್ಲಿಗೆ ಕರೆದೊಯ್ದ. ಹೊರಗೋಡೆಯ ಮೇಲೆ, ತಗಡಿನ ಸಣ್ಣ ಛಾವಣಿಯ ಕೆಳಗೆ, ಪೆಟ್ಟಿಗೆ ಕೂತಿತ್ತು. ಮೈತುಂಬ ಧೂಳು, ಆದರೂ ತನ್ನ ಪಾಡಿಗೆ ನಡೆಯುತ್ತಿತ್ತು. ಅಲ್ಲಿ ನನ್ನ ಕೆಲಸ ಶುರುವಾಯಿತು. ವೈರು ಯಾವುದು, ಎಲ್ಲಿ ತಿರುಗಿಸಿದ್ದಾರೆ, ಕರೆಂಟು ಇಳಿದಾಗ ಏನಾಗುತ್ತದೆ, ಎಲ್ಲ ಕೂತು ನೋಡಿದೆ. ಮಾಣಿಕ ಅವರ ಹಮಾಲರ ಜೊತೆ ಹರಟುತ್ತಿದ್ದ.

ನಮ್ಮ ಮಿಲ್ಲಿನಲ್ಲಿ ಆ ಪೆಟ್ಟಿಗೆ ಕೂಡಿಸಿದ ಮೇಲೆ ಬೆಂಕಿ ಬೀಳಲಿಲ್ಲ. ಮೊದಲ ಸಲ ಅದು ಒಲೆಯನ್ನು ತಾನಾಗಿ ಆರಿಸಿದಾಗ ಶಂಕ್ರೆಪ್ಪ ಪಕ್ಕದಲ್ಲಿ ನಿಂತಿದ್ದ. ಅವನ ಅಂಗೈಗಳು ವಾಸಿಯಾಗಿದ್ದವು, ಪೂರಾ ಮಡಚಲು ಬರುತ್ತಿರಲಿಲ್ಲ. "ಇದು ಮೊದಲೇ ಬಂದಿದ್ರ..." ಎಂದು ಶುರುಮಾಡಿ, ಮುಂದೆ ಹೇಳದೆ ಬೀಡಿ ಕೇಳಿದ. ಎರಡು ಕೈ ಸೇರಿಸಿ ಬೀಡಿ ಹಿಡಿಯುವುದನ್ನು ನೋಡಲಾರದೆ ನಾನೇ ಹಚ್ಚಿ ಅವನ ತುಟಿಗಿಟ್ಟೆ.

ಸೇಠರು ಎಲ್ಲರನ್ನೂ ಕೂಡಿಸಿ ಮಾಣಿಕನ ಬೆನ್ನು ತಟ್ಟಿದರು. ಮಾಣಿಕ ದೊಡ್ಡ ಮನಸ್ಸಿನಿಂದ, "ಗುರುಪಾದಪ್ಪನೂ ಇದ್ದರಿ," ಎಂದ. ಆ "ನೂ" ಎಂಬ ಒಂದಕ್ಷರ ನನಗೆ ಚುಚ್ಚಿದಷ್ಟು ಯಾರ ಬೈಗುಳವೂ ಚುಚ್ಚಿಲ್ಲ. ಧೂಳು ಒಯ್ದವನು ನಾನು, ಪೆಟ್ಟಿಗೆ ಕಂಡವನು ನಾನು, ವೈರು ಎಳೆದವನು ನಾನು. ಮನೆಗೆ ಹೋಗಿ ನೀಲಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅವ ಸುಮ್ಮನಿದ್ದಿದ್ರ ಚುಚ್ಚತಿದ್ದಿಲ್ಲೇನು?" ಎಂದಳು. ಚುಚ್ಚುತ್ತಿತ್ತು, ನಿಜ.

ಮುಂದಿನ ವರ್ಷ ಪುಣೆಯ ಆ ಮುದುಕ ಮಾಣಿಕನನ್ನು ತನ್ನ ಕಂಪನಿಗೆ ಕರೆದುಕೊಂಡ. ಹೈದರಾಬಾದಿನಿಂದ ಸೊಲ್ಲಾಪುರದ ತನಕ ಪೆಟ್ಟಿಗೆ ಮಾರುವ ಕೆಲಸ, ಓಡಾಡಲು ಮೋಟಾರ್ ಸೈಕಲ್ಲು. ಆ ಮುದುಕನನ್ನು ಹುಡುಕಿದವನು ನಾನು, ಅವನು ಕರೆದದ್ದು ಮಾಣಿಕನನ್ನು! ಬೀಳ್ಕೊಡುವ ದಿನ ಹಾರ ನನ್ನ ಕೈಯಿಂದಲೇ ಹಾಕಿಸಿದರು. ಒಂದು ಸಮಾಧಾನವಿತ್ತು. ಇನ್ನು ಪ್ರದರ್ಶನಕ್ಕೆ ಹೋಗುವವನು ನಾನೊಬ್ಬನೇ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಹೈದರಾಬಾದಿನಲ್ಲಿ ಅಂಥ ಪ್ರದರ್ಶನ ನಡೆಯಿತು. ಸೇಠರು ನನ್ನನ್ನು ಕಳಿಸಿದರು. ಎದೆಗೆ ನನ್ನ ಹೆಸರಿನ ಬಿಲ್ಲೆ ಚುಚ್ಚಿಕೊಂಡು ಮಂಟಪದೊಳಗೆ ಹೋದೆ. ಸಾಲಿನ ನಡುವೆ ಗಾಲಿಚೆ ಹಾಸಿದ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ಮಾಣಿಕ ನಿಂತಿದ್ದ. ಪುಣೆಯವರ ಪೆಟ್ಟಿಗೆ ಈಗ ಬಣ್ಣ ಬಳಿದುಕೊಂಡು ಹೂ ಮುಡಿದಿತ್ತು. ಅವನ ಮುಂದೆ ತಾಂಡೂರಿನ ಮಿಲ್ಲಿನ ಮಾಲೀಕನೊಬ್ಬ, ಹಿಂದೆ ಇನ್ನೂ ಕೆಲವರು. ಮಾಲೀಕನಿಗೆ ಅನುಮಾನ ಹೋಗಿರಲಿಲ್ಲ.

ಮಾಣಿಕ ನನ್ನನ್ನು ಕಂಡವನೇ ಕೈ ಎತ್ತಿದ. "ಅಗಾ ನೋಡ್ರಿ, ಹುಮನಾಬಾದಿನ ಗುರುಪಾದಪ್ಪ ಬಂದರು! ನಾ ಮಾರಾಂವ, ನನ್ನ ಮಾತು ಬ್ಯಾಡ. ಇದನ್ನ ನಡಸಾವರು ಅವರು. ಅವರನ್ನೇ ಕೇಳ್ರಿ," ಎಂದು ಹೇಳಿ, ಚಹಾ ಕುಡಿದು ಬರುತ್ತೇನೆಂದು ನಿಜವಾಗಿಯೂ ಹೊರಟುಹೋದ.

ತಾಂಡೂರಿನವನು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಖರೆ ಹೇಳ್ರಿ ಅಪ್ಪಾರ. ತಗೋಬೇಕಾ ಬ್ಯಾಡಾ?"

ಇಷ್ಟು ವರ್ಷದಲ್ಲಿ ಮಾಣಿಕನ ಅನ್ನ ನನ್ನ ನಾಲಿಗೆಯ ತುದಿಯಲ್ಲಿ ಬಂದು ನಿಂತದ್ದು ಅದೇ ಮೊದಲು. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಪೆಟ್ಟಿಗೆಯ ದೋಷಗಳನ್ನಷ್ಟೇ ಹೇಳಿ, ಅದರ ಗುಣ ನುಂಗಿದರೆ ಸಾಕಿತ್ತು. ದೋಷಗಳಿಂದಲೇ ಶುರುಮಾಡಿದೆ.

"ಬ್ಯಾಸಿಗ್ಯಾಗ ಕಾಯ್ತದ್ರಿ. ಕರೆಂಟ್ ಮ್ಯಾಲ ಕೆಳಗ ಆದರ ಒಳಗಿನ ರಿಲೇ ಸ್ವಿಚ್ಚು ಸುಡ್ತದ. ವೈರಿನ ಜೋಡಣಿ ಮಳಿಗಾಲದಾಗ ತಂಪು ಹಿಡೀತದ," ಎಂದೆ. ಅವನ ಮುಖ ಇಳಿಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಶಂಕ್ರೆಪ್ಪ ಬೀಡಿ ಹಿಡಿಯುವ ರೀತಿ ಕಣ್ಣ ಮುಂದೆ ಬಂತು. ಈ ಮನುಷ್ಯನ ಡ್ರೈಯರಿನ ಮುಂದೆಯೂ ಒಬ್ಬ ನಿಂತಿರುತ್ತಾನಲ್ಲ.

"ಅದಕ್ಕ ಹೊರಗಿನ ಗ್ವಾಡಿಗಿ ಹಾಕ್ರಿ. ಮ್ಯಾಲ ತಗಡಿನ ನೆರಳು ಮಾಡ್ರಿ. ಒಂದು ರಿಲೇ ಕಪಾಟಿನ್ಯಾಗ ಜಾಸ್ತಿ ಇಟ್ಕೋರಿ. ಇಷ್ಟು ಮಾಡಿದರ ನಿಮ್ಮ ಮಿಲ್ಲಿನ್ಯಾಗ ಯಾರ ಕೈಯೂ ಸುಡಂಗಿಲ್ಲ. ತಗೋರಿ."

ಅವನು ಅಲ್ಲೇ ನಿಂತು ಅಂಗಡಿಯ ಹುಡುಗನ ಕೈಗೆ ಮುಂಗಡ ಕೊಟ್ಟ. ಹಿಂದಿದ್ದವರು ನನ್ನನ್ನು ಸುತ್ತಿಕೊಂಡರು. ಜನ್ಮದಲ್ಲಿ ಅಷ್ಟು ಮಾತಾಡಿರಲಿಲ್ಲ ನಾನು. ಮಾಣಿಕ ತಿರುಗಿ ಬಂದಾಗ ಇನ್ನಿಬ್ಬರು ಪೆಟ್ಟಿಗೆ ಕೊಳ್ಳಲು ಅವನಿಗಾಗಿ ಕಾಯುತ್ತಿದ್ದರು.

ಜನ ಚದುರಿದ ಮೇಲೆ ಕೇಳಿದೆ. "ನಾ ಬೈದು ಕಳಿಸಿದ್ರ ಏನ್ ಮಾಡ್ತಿದ್ದಿ?"

"ನೀ ಬೈತಿ ಅಂತ ಗೊತ್ತಿತ್ತು," ಎಂದ ಮಾಣಿಕ ಟೈ ಸಡಿಲಿಸುತ್ತ. "ಬೈದ ಮ್ಯಾಲ ದುರಸ್ತಿನೂ ಹೇಳ್ತಿ ಅಂತನೂ ಗೊತ್ತಿತ್ತು. ನಿನಗ ಮಷೀನ್ ಕೆಟ್ಟದ್ದು ಸೇರಂಗಿಲ್ಲ, ಯಾರ್ದಾದ್ರೂ ಇರಲಿ. ನಾ ಹೊಗಳಿದ್ದನ್ನ ಯಾರು ತಗೋತಾರ? ನೀ ಬೈದಿದ್ದನ್ನ ತಗೋತಾರ."

ನಾನು ನನ್ನ ಬಗ್ಗೆ ತಿಳಿದುಕೊಂಡಿದ್ದಕ್ಕಿಂತ ಒಳ್ಳೆಯ ಅಭಿಪ್ರಾಯ ಅವನಿಗೆ ನನ್ನ ಮೇಲಿತ್ತು. ಇಷ್ಟು ವರ್ಷ ಅವನು ನನ್ನನ್ನು ಓದಿದ್ದ, ನಾನು ಅವನನ್ನು ಬರೀ ನೋಡಿದ್ದೆ. ಜಹೀರಾಬಾದ್ ದಾಟುವ ತನಕ ಬಸ್ಸಿನಲ್ಲಿ ಅದಕ್ಕೂ ಹೊಟ್ಟೆ ಉರಿದುಕೊಂಡೆ.

ಮರುದಿನ ಸೇಠರು ವರದಿ ಕೇಳಿದರು. ನೋಡಿದ ಯಂತ್ರಗಳನ್ನೆಲ್ಲ ಹೇಳಿದೆ. ಕೊನೆಗೆ, "ಮುಂದಿನ ಸಲ ನನ್ನ ಒಬ್ಬಾಂವನ್ನೇ ಕಳಿಸಬ್ಯಾಡ್ರಿ. ಚಹಾದ ಗಾಡಿ ಹಂತ್ಯಾಕ ಕೂತು ಮಾತಾಡಾಂವ ಒಬ್ಬ ಜೋಡಿಗಿ ಬೇಕು," ಎಂದೆ.

ಸೇಠರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮಾಣಿಕನಂಥಾಂವ ಎಲ್ಲಿ ಸಿಗ್ತಾನೋ ಗುರುಪಾದಪ್ಪ?"

"ಸಿಗಂಗಿಲ್ರಿ," ಎಂದೆ. ಅಷ್ಟು ಹೇಳಲು ನನಗೆ ಭಾಳ ತ್ರಾಸಾಯಿತು.